ದುಡಿಯುವ ಮೈಗೆ, ಆಡುವ ಮಕ್ಕಳಿಗೆ ತಕ್ಕ ಊಟ

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಏರ್ಪಡಿಸಿದ್ದ ಗ್ರಾಮೀಣ ಕ್ರೀಡಾಕೂಟದ ಸಮಾರೋಪ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಅಧ್ಯಕ್ಷರು ನಮಗೆ ವಹಿಸಿರುವ ವಿಷಯ ‘ಕ್ರೀಡೆ ಮತ್ತು ಆಹಾರ’. ನಾವು ಓದಿರುವುದು ಎಸ್ಸೆಸ್ಸೆಲ್ಸಿ ತನಕ. ಡಾಕ್ಟರೂ ಅಲ್ಲ, ಆಟದ ಮೇಷ್ಟ್ರೂ ಅಲ್ಲ. ಆದರೆ ಹಸು ಕಟ್ಟಿದ್ದೇವೆ, ಹೊಲ ಉತ್ತಿದ್ದೇವೆ. ಮೈಸೂರಿನ ಪಕ್ಕದಲ್ಲೇ ಇರುವುದರಿಂದ ತಿಳಿದವರ ಮಾತನ್ನು ಕೇಳುವ ಅವಕಾಶವೂ ಸಿಕ್ಕಿದೆ. ಕೇಳಿದ್ದನ್ನು, ಲೆಕ್ಕ ಹಾಕಿ ನೋಡಿದ್ದನ್ನು ತಮ್ಮ ಮುಂದೆ ಇಡುತ್ತೇವೆ. ತೂಗಿ ನೋಡಿ, ಸರಿ ಕಂಡದ್ದನ್ನು ತೆಗೆದುಕೊಳ್ಳಿ.

ಮೊದಲು ಕೊಟ್ಟಿಗೆಯ ಲೆಕ್ಕದಿಂದಲೇ ಶುರು ಮಾಡೋಣ. ಹತ್ತು ಲೀಟರು ಕರೆಯುವ ಹಸುವಿಗೆ ಏನು ಹಾಕಬೇಕು ಅಂತ ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಬರೀ ಮೈ ಕಾಪಾಡಿಕೊಳ್ಳುವುದಕ್ಕೆ ಒಂದೂವರೆ ಎರಡು ಕೆ.ಜಿ. ಪಶು ಆಹಾರ. ಅದರ ಮೇಲೆ ಕರೆಯುವ ಪ್ರತಿ ಲೀಟರಿಗೆ ಸುಮಾರು 400 ಗ್ರಾಂ. ಜೊತೆಗೆ ಹಸಿರು ಮೇವು, ಒಣ ಮೇವು, ಒಂದು ಹಿಡಿ ಖನಿಜ ಮಿಶ್ರಣ, ಹೊಟ್ಟೆ ತುಂಬ ನೀರು. ಇದರಲ್ಲಿ ಯಾವುದು ಕಮ್ಮಿಯಾದರೂ ಹಸು ಎರಡು ದಿನದಲ್ಲೇ ಉತ್ತರ ಹೇಳುತ್ತದೆ. ಹಾಲು ಇಳಿಯುತ್ತದೆ, ಫ್ಯಾಟು ಬೀಳುತ್ತದೆ, ಬಟವಾಡೆ ದಿನ ಪಾಸ್‌ಬುಕ್ಕಿನಲ್ಲಿ ಗೊತ್ತಾಗುತ್ತದೆ.

ಮನುಷ್ಯನ ಮೈಯೂ ಹಾಗೇ ಕಣ್ರಪ್ಪ. ಸುಮ್ಮನೆ ಕೂತಿರುವವನಿಗೆ ಒಂದು ಅಳತೆ, ದುಡಿಯುವವನಿಗೆ ಒಂದು ಅಳತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2020ರಲ್ಲಿ ಹಾಕಿರುವ ಲೆಕ್ಕದ ಪ್ರಕಾರ 65 ಕೆ.ಜಿ. ತೂಕದ ಗಂಡಸು ಕೂತು ಮಾಡುವ ಕೆಲಸದಲ್ಲಿದ್ದರೆ ದಿನಕ್ಕೆ 2110 ಕ್ಯಾಲೊರಿ ಸಾಕು. ಮಧ್ಯಮ ಕೆಲಸಕ್ಕೆ 2710 ಬೇಕು. ಗುದ್ದಲಿ, ಹಾರೆ ಹಿಡಿಯುವಂಥ ಭಾರಿ ದುಡಿಮೆಗೆ 3470 ಬೇಕು. ಹೆಂಗಸರಿಗೆ ಇದೇ ಮೂರು ಅಳತೆ 1660, 2130, 2720. ಅಂದರೆ ಕೂತವನಿಗೂ ದುಡಿಯುವವನಿಗೂ ಹೆಚ್ಚುಕಮ್ಮಿ ಒಂದು ಹೊತ್ತಿನ ದೊಡ್ಡ ಊಟದಷ್ಟು ವ್ಯತ್ಯಾಸ. ನಾವು ಹಸುವಿಗೆ ಈ ಲೆಕ್ಕ ಹಾಕುತ್ತೇವೆ. ಬೆಳಿಗ್ಗೆ ಐದಕ್ಕೆದ್ದು ರಿಂಗ್ ರಸ್ತೆಯ ಪಕ್ಕ ಓಡುವ ಮಗನಿಗೆ, ಶಾಲೆ ಮುಗಿಸಿ ಕಬಡ್ಡಿ ಆಡಿ ಬರುವ ಮಗಳಿಗೆ ಹಾಕುತ್ತೇವೆಯೇ? ಈ ದಿನ ನಾವು ಕೇಳಬೇಕೆಂದಿರುವುದು ಇದೊಂದೇ ಪ್ರಶ್ನೆ.

ಈಗ ನಮ್ಮೂರಿನಲ್ಲಿ ಆಡುವ ಮಕ್ಕಳು ಹೆಚ್ಚಾಗಿದ್ದಾರೆ. ಇದು ಸಂತೋಷದ ಸಂಗತಿ. ಪೊಲೀಸ್ ಕೆಲಸಕ್ಕೆ, ಸೈನ್ಯಕ್ಕೆ ಸೇರಬೇಕೆಂದು 1600 ಮೀಟರ್ ಓಟ ಅಭ್ಯಾಸ ಮಾಡುವವರಿದ್ದಾರೆ. ದಸರಾ ಕುಸ್ತಿಗೆ ಜೋಡಿ ಕಟ್ಟಿಸಿಕೊಳ್ಳುವ ಆಸೆಯವರಿದ್ದಾರೆ. ಮೈಸೂರಿಗೆ ಹೋಗಿ ಜಿಮ್ಮು ಸೇರಿದವರೂ ಇದ್ದಾರೆ. ಆದರೆ ಅದರ ಜೊತೆಗೆ ಒಂದು ಹೊಸ ಖರ್ಚೂ ಮನೆಗೆ ಬಂದಿದೆ. ಅದು ಡಬ್ಬದ ಪ್ರೊಟೀನು ಪುಡಿ. ತಾಯಿ ಎರಡು ಹೊತ್ತು ಹಾಲು ಕರೆದು ಡೈರಿಗೆ ಹಾಕುತ್ತಾಳೆ. ಹದಿನೈದು ದಿನಕ್ಕೆ ಬಂದ ಬಟವಾಡೆ ಹಣದಲ್ಲಿ ಎರಡು ಸಾವಿರ, ಮೂರು ಸಾವಿರ ಎತ್ತಿಕೊಂಡು ಮಗ ಪೇಟೆಯಿಂದ ಡಬ್ಬ ತರುತ್ತಾನೆ. ಮನೆಯಲ್ಲಿ ಉಳಿದವರು ಹಾಲು ಕಂಡೂ ಕಾಣದ ಟೀ ಕುಡಿಯುತ್ತಾರೆ. ಇಂಥ ಮನೆಗಳು ನಮ್ಮೂರಲ್ಲಿ ಒಂದೆರಡಲ್ಲ.

ಆ ಡಬ್ಬದಲ್ಲಿ ಏನಿದೆ? ಅದರ ಮೇಲೆ ‘ವೇ ಪ್ರೊಟೀನ್’ ಅಂತ ಬರೆದಿರುತ್ತದೆ. ವೇ ಅಂದರೆ ಬೇರೇನೂ ಅಲ್ಲ, ಹಾಲು ಒಡೆದಾಗ ಗಟ್ಟಿ ಭಾಗ ಬೇರೆಯಾಗಿ ಉಳಿಯುತ್ತದಲ್ಲ, ಆ ತಿಳಿ ನೀರು. ಚೀಸ್ ಮಾಡುವ ಕಾರ್ಖಾನೆಗಳಲ್ಲಿ ಉಳಿಯುವ ಆ ನೀರನ್ನು ಸೋಸಿ, ಒಣಗಿಸಿ ಪುಡಿ ಮಾಡುತ್ತಾರೆ. ಹಾಲಿನ ಪ್ರೊಟೀನಿನಲ್ಲಿ ಐದರಲ್ಲಿ ನಾಲ್ಕು ಪಾಲು ಗಟ್ಟಿಯಲ್ಲಿ ಹೋಗುತ್ತದೆ, ಒಂದು ಪಾಲು ಈ ನೀರಿನಲ್ಲಿರುತ್ತದೆ. ಅಂತೂ ಆ ಪುಡಿ ಹುಟ್ಟಿದ್ದೂ ಯಾವುದೋ ದೇಶದ ಹಸುವಿನ ಕೆಚ್ಚಲಿನಲ್ಲೇ. ನಮ್ಮ ಹಸುವಿನ ಹಾಲನ್ನು ಕ್ಯಾನಿಗೆ ಸುರಿದು ಇನ್ನೊಬ್ಬರ ಹಸುವಿನ ಹಾಲಿನ ನೀರನ್ನು ದುಬಾರಿ ಬೆಲೆಗೆ ತಂದು ಕುಡಿಯುತ್ತಿದ್ದೇವೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಲೆಕ್ಕ ಹಾಕಿ ನೋಡೋಣ. ಒಂದು ಕೆ.ಜಿ. ಡಬ್ಬ, ದಿನಕ್ಕೆ 30 ಗ್ರಾಮಿನ ಒಂದು ಚಮಚದಂತೆ ಒಂದು ತಿಂಗಳು ಬರುತ್ತದೆ. ಒಳ್ಳೆಯ ಪುಡಿಯಾದರೆ ಒಂದು ಚಮಚಕ್ಕೆ 24 ಗ್ರಾಂ ಪ್ರೊಟೀನು. ತಿಂಗಳಿಗೆ ಹೆಚ್ಚುಕಮ್ಮಿ 800 ಗ್ರಾಂ ಆಯಿತು, ಖರ್ಚು ಎರಡು ಸಾವಿರದ ಮೇಲೆ. ಇನ್ನು ನಮ್ಮ ಕಡೆ ಬನ್ನಿ. ದಿನಕ್ಕೆ ಅರ್ಧ ಲೀಟರು ಹಾಲು ಮನೆಯಲ್ಲಿ ಉಳಿಸಿಕೊಂಡರೆ 16 ಗ್ರಾಂ ಪ್ರೊಟೀನು. ಎರಡು ಹಿಡಿ, ಅಂದರೆ 40 ಗ್ರಾಂ ಕಡಲೆಕಾಯಿ ಬೀಜ ತಿಂದರೆ 10 ಗ್ರಾಂ. ಎರಡೂ ಸೇರಿ 26 ಗ್ರಾಂ. ತಿಂಗಳಿಗೆ 780 ಗ್ರಾಂ. ಲೀಟರಿಗೆ 40 ರೂಪಾಯಿ ಹಿಡಿದರೂ 15 ಲೀಟರಿಗೆ 600 ರೂಪಾಯಿ. ಒಂದು ಕೆ.ಜಿ. 200 ಗ್ರಾಂ ಬೀಜಕ್ಕೆ 180 ರೂಪಾಯಿ. ಒಟ್ಟು 780 ರೂಪಾಯಿ. ಡಬ್ಬದಲ್ಲಿ ಸಿಗುವಷ್ಟೇ ಪ್ರೊಟೀನು ಅರ್ಧಕ್ಕಿಂತ ಕಮ್ಮಿ ಖರ್ಚಿನಲ್ಲಿ ಸಿಕ್ಕಿತು. ಹಾಲಿನ ಸುಣ್ಣದಂಶ, ಬೀಜದ ಎಣ್ಣೆಯಂಶ ಬೇರೆ ಲಾಭ.

ಹಂಗಂತ ಆ ಪುಡಿಯೇ ವಿಷ ಅಂತ ನಾವು ಹೇಳುವುದಿಲ್ಲ. ದೇಶದ ಪರವಾಗಿ ಆಡುವ, ದಿನಕ್ಕೆ ಐದಾರು ಗಂಟೆ ಅಭ್ಯಾಸ ಮಾಡುವ ಕ್ರೀಡಾಪಟು ತಿಳಿದವರ ಸಲಹೆಯಂತೆ ತೆಗೆದುಕೊಳ್ಳಬಹುದು. ಆದರೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು 2024ರ ಮೇ ತಿಂಗಳಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಪ್ರೊಟೀನು ಪುಡಿಯ ಮೊರೆ ಹೋಗಬೇಡಿ ಎಂದೇ ಹೇಳಿದ್ದಾರೆ. ಮೂತ್ರಪಿಂಡದ ತೊಂದರೆ ಇರುವವರಿಗಂತೂ ಅದು ಕೇಡು. ಕಲಬೆರಕೆಯ ಭಯ ಬೇರೆ. ನಮ್ಮ ಹಾಲನ್ನು ಲ್ಯಾಕ್ಟೋಮೀಟರ್ ಇಟ್ಟು, ಫ್ಯಾಟು ನೋಡಿ ತೆಗೆದುಕೊಳ್ಳುತ್ತಾರೆ. ಪೇಟೆ ಮೂಲೆಯಲ್ಲಿ ಬಿಲ್ಲಿಲ್ಲದೆ ಮಾರುವ ಡಬ್ಬಕ್ಕೆ ಯಾವ ಲ್ಯಾಕ್ಟೋಮೀಟರ್ ಇಡುತ್ತೀರಿ?

ಮೈಗೆ ಕಸುವು ಬರಿಸುವ ಊಟ ಮೈಸೂರಿಗೆ ಹೊಸತಲ್ಲ. ಇದು ಗರಡಿಗಳ ಊರು. ಇಂದಿಗೂ ವಿಜಯದಶಮಿಯ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ದೊಡ್ಡಕೆರೆ ಮೈದಾನದ ಪಕ್ಕದ ಡಿ. ದೇವರಾಜ ಅರಸು ಕ್ರೀಡಾಂಗಣದಲ್ಲಿ ದಸರಾ ಕುಸ್ತಿಗೆ ಜನ ಕಿಕ್ಕಿರಿದು ಸೇರುತ್ತಾರೆ. ಹಿಂದಿನ ಪೈಲ್ವಾನರು ಏನು ತಿನ್ನುತ್ತಿದ್ದರು? ಹಾಲು, ನೆನೆಸಿ ಅರೆದ ಬಾದಾಮಿ, ತುಪ್ಪ, ಮುದ್ದೆ, ಕಾಳು, ಅನುಕೂಲವಿದ್ದರೆ ಮಾಂಸ. ಅವರು ತಿಂದದ್ದನ್ನು ಹೇಳುವವರು ಅವರು ಮಾಡುತ್ತಿದ್ದ ಸಾಮನ್ನು ಹೇಳುವುದಿಲ್ಲ. ಬೆಳಗಿನ ಜಾವ ಎದ್ದು ನೂರುಗಟ್ಟಲೆ ದಂಡ, ಬಸ್ಕಿ ಹೊಡೆದು, ಗದೆ ತಿರುಗಿಸಿ, ಕೆಮ್ಮಣ್ಣಿನಲ್ಲಿ ಹೊರಳಾಡಿ ಬೆವರು ಹರಿಸಿದ ಮೈಗೆ ಆ ತುಪ್ಪ ಕರಗುತ್ತಿತ್ತು. ಸಾಮು ಬಿಟ್ಟ ಮೇಲೂ ತುಪ್ಪ ಬಿಡದಿದ್ದರೆ ಹೊಟ್ಟೆ ಬರುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ. ಹಾಲು ಬತ್ತಿದ ಹಸುವಿಗೆ ಹತ್ತು ಲೀಟರಿನ ಹಿಂಡಿ ಹಾಕಿದರೆ ಏನಾಗುತ್ತದೋ ಅದೇ.

ಇದು ನಮ್ಮ ವಯಸ್ಸಿನವರಿಗೂ ಅನ್ವಯಿಸುವ ಮಾತು. ಮೊದಲು ನೇಗಿಲು ಹಿಡಿದು ದಿನವಿಡೀ ಉಳುತ್ತಿದ್ದೆವು, ಮೂರು ಮುದ್ದೆ ಉಂಡರೂ ಅರಗುತ್ತಿತ್ತು. ಈಗ ಉಳುವುದು ಟ್ರ್ಯಾಕ್ಟರು, ಡೈರಿಗೆ ಹಾಲು ತರುವುದು ಬೈಕು, ಮೇವು ಕತ್ತರಿಸುವುದು ಮೋಟಾರು. ಮುದ್ದೆ ಮಾತ್ರ ಮೂರೇ. ದುಡಿಮೆ ಇಳಿದಿದ್ದರೆ ಮುದ್ದೆಯ ಗಾತ್ರವೂ ಇಳಿಯಬೇಕು, ಸೊಪ್ಪು ತರಕಾರಿ ಹೆಚ್ಚಬೇಕು. ಪೇಟೆಯವರು ಕುಕ್ಕರಹಳ್ಳಿ ಕೆರೆ ಸುತ್ತುತ್ತಾರೆ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತಾರೆ ಅಂತ ನಗಬೇಡಿ. ನಾವೂ ಡೈರಿಗೆ ನಡೆದೇ ಬರೋಣ.

ಈಗ ಆಡುವ ಮಕ್ಕಳ ತಟ್ಟೆಗೆ ಬರೋಣ. ಸಾಮಾನ್ಯರಿಗೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೊಟೀನು ಸಾಕು. ಕಸರತ್ತು ಮಾಡುವವರಿಗೆ 1.2ರಿಂದ 1.6 ಗ್ರಾಂ ಬೇಕು ಅಂತ ತಿಳಿದವರು ಹೇಳುತ್ತಾರೆ. 60 ಕೆ.ಜಿ. ತೂಕದ ಹುಡುಗನಿಗೆ 72ರಿಂದ 96 ಗ್ರಾಂ ಆಯಿತು. ಇದನ್ನು ನಮ್ಮ ಮನೆ ಊಟದಲ್ಲಿ ಹೊಂದಿಸಬಹುದೇ? ನೋಡಿ. ರಾಗಿ ಹಿಟ್ಟು 250 ಗ್ರಾಂ, ಅದರಲ್ಲಿ 18 ಗ್ರಾಂ ಪ್ರೊಟೀನು. ಅಕ್ಕಿ 200 ಗ್ರಾಂ, 15. ಬೇಳೆ ಕಾಳು 80 ಗ್ರಾಂ, 18. ಹಾಲು ಮೊಸರು ಸೇರಿ ಅರ್ಧ ಲೀಟರು, 16. ಕಡಲೆಕಾಯಿ ಬೀಜ 40 ಗ್ರಾಂ, 10. ಮೊಟ್ಟೆ ಎರಡು, 13. ಕೂಡಿದರೆ 90 ಗ್ರಾಂ. ಮೊಟ್ಟೆ ತಿನ್ನದ ಮನೆಯವರು 60 ಗ್ರಾಂ ಹುರಿಗಡಲೆ ಸೇರಿಸಿಕೊಂಡರೆ ಅದೇ 13 ಗ್ರಾಂ ಬಂತು. ಕೋಳಿ ಮಾಂಸ, ಮೀನು ತಿನ್ನುವವರಿಗೆ ಇನ್ನೂ ಸಲೀಸು.

ಆದರೆ ಒಂದು ಎಚ್ಚರಿಕೆ. ನಮ್ಮ ಕಡೆ ಹುರುಳಿಕಾಳು ಬಸ್ಸಾರು, ಅವರೆಕಾಳು ಸಾರು, ಉಪ್ಸಾರು ದಿನಾ ಇರುತ್ತದೆ. ಬಸಿದ ಕಟ್ಟನ್ನು ಮುದ್ದೆಗೆ ಸುರಿದುಕೊಂಡು ಕಾಳನ್ನು ತಟ್ಟೆಯ ಅಂಚಿಗೆ ಸರಿಸುವ ಅಭ್ಯಾಸ ಹುಡುಗರಿಗಿದೆ. ಪ್ರೊಟೀನು ಇರುವುದು ಕಾಳಿನಲ್ಲಿ. ಕಟ್ಟು ಕುಡಿದು ಕಾಳು ಬಿಟ್ಟರೆ ಹಿಂಡಿ ಬಿಟ್ಟು ಕಲಗಚ್ಚು ಕುಡಿಸಿದ ಹಾಗೆ. ಕಾಳನ್ನು ಒಗ್ಗರಣೆ ಹಾಕಿ ಪಲ್ಯ ಮಾಡಿ, ಅದನ್ನೂ ಉಣ್ಣಿ.

ಇನ್ನೊಂದು ಮಾತು. ಜಿಮ್ಮಿಗೆ ಹೋಗುವ ಹುಡುಗರು ಪ್ರೊಟೀನು ಪ್ರೊಟೀನು ಅಂತ ಮುದ್ದೆ ಅನ್ನವನ್ನೇ ಬಿಡುತ್ತಿದ್ದಾರೆ. ಇದು ತಪ್ಪು ದಾರಿ. ಓಡುವಾಗ, ಕಬಡ್ಡಿ ಆಡುವಾಗ ಮೈ ಉರಿಸುವುದು ಪಿಷ್ಟವನ್ನು. ಪ್ರೊಟೀನು ಮನೆ ಕಟ್ಟುವ ಇಟ್ಟಿಗೆ ಇದ್ದ ಹಾಗೆ, ಪಿಷ್ಟ ಒಲೆಗೆ ಸೌದೆ ಇದ್ದ ಹಾಗೆ. ಸೌದೆ ಇಲ್ಲದಿದ್ದರೆ ಮೈ ಇಟ್ಟಿಗೆಯನ್ನೇ ಉರಿಸಲು ಶುರು ಮಾಡುತ್ತದೆ. ಕನಕದಾಸರು ರಾಮಧಾನ್ಯ ಚರಿತ್ರೆಯಲ್ಲಿ ರಾಗಿಗೂ ಭತ್ತಕ್ಕೂ ಜಗಳ ಹಚ್ಚಿ ರಾಗಿಯನ್ನೇ ಗೆಲ್ಲಿಸಿದರು. ಇಂದಿನ ವಿಜ್ಞಾನವೂ ರಾಗಿಯ ಪರವಾಗಿಯೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ಜನ ‘ರಾಗಿ ಲಕ್ಷ್ಮಣಯ್ಯ’ ಎಂದೇ ನೆನೆಯುತ್ತಾರೆ. ಅಂಥ ಧಾನ್ಯವನ್ನು ಬೆಳೆಯುವ ನೆಲದಲ್ಲಿ ಕೂತು ನಮ್ಮ ಮಕ್ಕಳು ಮುದ್ದೆಗೆ ಮುಖ ಸಿಂಡರಿಸಬಾರದು.

ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದರೆ ಹುರಿಹಿಟ್ಟು ಆಯಿತು. ಮೊಳಕೆ ಬಂದರೆ ಅದರಲ್ಲಿನ ಕಬ್ಬಿಣ, ಸುಣ್ಣದಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಇದನ್ನು ಹಾಲಿಗೆ ಹಾಕಿ ಕಾಯಿಸಿ ಬೆಲ್ಲ ಸೇರಿಸಿದರೆ ಯಾವ ಡಬ್ಬವೂ ಬೇಡ. ಸರ್ಕಾರವೇ 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಯೋಜನೆ ತಂದು ಶಾಲಾ ಮಕ್ಕಳಿಗೆ 150 ಮಿ.ಲೀ. ಹಾಲು ಕೊಡಲು ಶುರು ಮಾಡಿತು. 2024ರಲ್ಲಿ ಅದರ ಜೊತೆಗೆ ರಾಗಿ ಮಾಲ್ಟೂ ಬಂತು. ಶಾಲೆಯಲ್ಲಿ ಸಿಗುವುದು ಮನೆಯಲ್ಲಿ ಸಿಗದಿದ್ದರೆ ಹೇಗೆ?

ಈ ವಿಷಯದಲ್ಲಿ ಮೈಸೂರು ದೇಶಕ್ಕೇ ದಾರಿ ತೋರಿದ ಊರು. 1950ರಲ್ಲಿ ಚೆಲುವಾಂಬ ಮ್ಯಾನ್ಶನ್‌ನಲ್ಲಿ ಶುರುವಾದ ಸಿ.ಎಫ್.ಟಿ.ಆರ್.ಐ. ನಿಮಗೆಲ್ಲ ಗೊತ್ತು. ಅಲ್ಲಿನ ವಿಜ್ಞಾನಿಗಳು ಕಡಲೆಕಾಯಿ ಹಿಂಡಿಯ ಹಿಟ್ಟು ಮುಕ್ಕಾಲು ಪಾಲು, ಹುರಿಗಡಲೆ ಹಿಟ್ಟು ಕಾಲು ಪಾಲು ಸೇರಿಸಿ ಬಡವರಿಗೆಂದು ಪೌಷ್ಟಿಕ ಹಿಟ್ಟು ತಯಾರಿಸಿದರು. ಎಮ್ಮೆ ಹಾಲಿನಿಂದ ಕೂಸುಗಳ ಆಹಾರ ಮಾಡುವ ವಿಧಾನ ಕಂಡುಹಿಡಿದವರೂ ಅವರೇ. ಅದನ್ನು ತಯಾರಿಸಿ ದೇಶಕ್ಕೆಲ್ಲ ಹಂಚಿದ್ದು ಯಾವುದೋ ವಿದೇಶಿ ಕಂಪನಿಯಲ್ಲ. ನಮ್ಮಂಥ ಹಾಲು ಉತ್ಪಾದಕರ ಸಹಕಾರ ಸಂಘಗಳೇ ಸೇರಿ ಕಟ್ಟಿದ ಗುಜರಾತಿನ ಅಮುಲ್. ಇದನ್ನು ಕೇಳಿದಾಗ ಸಹಕಾರಿಗಳಾದ ನಮಗೆ ಹೆಮ್ಮೆಯಾಗುತ್ತದೆ. 1961ರಲ್ಲಿ ಮೈಸೂರಿನಲ್ಲೇ ಹುಟ್ಟಿದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದವರು ಗಡಿ ಕಾಯುವ ಯೋಧರಿಗೆ ಕೆಡದಂಥ ಊಟ ತಯಾರಿಸಿದರು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಅವರ ತಿಂಡಿಯೂ ಅಲ್ಲಿಂದಲೇ ಹೋಯಿತು. ಏನು ಕಳಿಸಿದರು? ಸಜ್ಜಿಗೆ ಹಲ್ವ, ಪಲಾವು. ನಮ್ಮ ಅಡುಗೆ ಮನೆಯ ಪದಾರ್ಥವೇ ಆಕಾಶಕ್ಕೂ ಹೋಯಿತು.

ಇನ್ನು ಯಾವಾಗ ತಿನ್ನಬೇಕು ಅನ್ನುವುದು. ಹೊಟ್ಟೆ ತುಂಬ ಮುದ್ದೆ ಉಂಡು ತಕ್ಷಣ ಓಡಿದರೆ ಪಕ್ಕೆ ಹಿಡಿಯುತ್ತದೆ. ದೊಡ್ಡ ಊಟ ಆಟಕ್ಕೆ ಮೂರು ಗಂಟೆ ಮೊದಲೇ ಮುಗಿದಿರಬೇಕು. ಒಂದು ಗಂಟೆ ಮೊದಲು ಒಂದೆರಡು ಬಾಳೆಹಣ್ಣು ಸಾಕು. ನಮ್ಮ ಪಕ್ಕದ ನಂಜನಗೂಡು ರಸಬಾಳೆಗೆ ಹೆಸರು ದೊಡ್ಡದು, ಸಿಕ್ಕರೆ ಭಾಗ್ಯ. ಸಿಗದಿದ್ದರೆ ಪುಟ್ಟಬಾಳೆ, ಪಚ್ಚಬಾಳೆ ಯಾವುದಾದರೂ ಸರಿ. ಬೆಳಗಿನ ಜಾವ ಓಡುವವರು ಪೂರ್ತಿ ಖಾಲಿ ಹೊಟ್ಟೆಯಲ್ಲಿ ಹೋಗದೆ ಒಂದು ಬಾಳೆಹಣ್ಣು, ಒಂದು ಲೋಟ ನೀರು ತೆಗೆದುಕೊಳ್ಳಿ. ಆಟ ಮುಗಿದ ಒಂದು ಗಂಟೆಯೊಳಗೆ ಹಾಲು, ಹುರಿಹಿಟ್ಟು, ಬೇಯಿಸಿದ ಮೊಟ್ಟೆ, ಮೊಳಕೆ ಕಾಳು ಏನಾದರೂ ಹೊಟ್ಟೆಗೆ ಹೋಗಬೇಕು. ದಣಿದ ಮೈ ರಿಪೇರಿ ಮಾಡಿಕೊಳ್ಳುವ ಹೊತ್ತು ಅದು.

ಹಾಲು ಕಾಯಿಸಿಯೇ ಕುಡಿಯಿರಿ. ಪೈಲ್ವಾನರು ಹಸಿ ಹಾಲು ಕುಡಿಯುತ್ತಿದ್ದರು ಅಂತ ಹೇಳುವವರಿದ್ದಾರೆ. ಹಸು ಕಂದು ಹಾಕುವಂತೆ ಮಾಡುವ ಬ್ರುಸೆಲ್ಲಾ ರೋಗ ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತದೆ, ತಿಂಗಳುಗಟ್ಟಲೆ ಜ್ವರ, ಕೀಲುನೋವು ಬರಿಸುತ್ತದೆ. ಹಸಿ ಮೊಟ್ಟೆ ಒಡೆದು ಕುಡಿಯುವುದೂ ಬೇಡ. ಬೇಯಿಸಿದ ಮೊಟ್ಟೆಯ ಪ್ರೊಟೀನೇ ಮೈಗೆ ಹೆಚ್ಚು ಹತ್ತುತ್ತದೆ. ಬೂಷ್ಟು ಹಿಡಿದ ಕಡಲೆಕಾಯಿಯನ್ನು ಹುರಿದರೂ ತಿನ್ನಬಾರದು, ಅದರ ವಿಷ ಈಲಿಗೆ ಕೆಡುಕು.

ನೀರಿನ ವಿಷಯ ಹೇಳದಿದ್ದರೆ ಮಾತು ಪೂರ್ತಿಯಾಗುವುದಿಲ್ಲ. ಆಟಕ್ಕೆ ಮುಂಚೆ, ಆಟದ ನಂತರ ಡೈರಿಯ ತಕ್ಕಡಿಯಲ್ಲಿ ತೂಕ ನೋಡಿ. ಒಂದು ಕೆ.ಜಿ. ಇಳಿದಿದ್ದರೆ ಅದು ಕೊಬ್ಬು ಕರಗಿದ್ದಲ್ಲ, ಬೆವರು ಹೋದದ್ದು. ಅದಕ್ಕೆ ಒಂದೂಕಾಲು, ಒಂದೂವರೆ ಲೀಟರು ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು. ಮೂತ್ರ ಕಡು ಹಳದಿಯಾಗಿದ್ದರೆ ನೀರು ಸಾಲದು ಅಂತ ಅರ್ಥ. ಬಣ್ಣದ ಬಾಟಲಿ ಪಾನೀಯ ಬೇಕಿಲ್ಲ. ಉಪ್ಪು ಹಾಕಿದ ನೀರು ಮಜ್ಜಿಗೆ, ನಿಂಬೆ ಪಾನಕ, ಎಳನೀರು ಇವೆ. ಎಳನೀರಿನಲ್ಲಿ ಉಪ್ಪಿನಂಶ ಕಮ್ಮಿ, ಆದ್ದರಿಂದ ಬಹಳ ಬೆವರಿದವರು ಜೊತೆಗೆ ಉಪ್ಪಿರುವ ಏನನ್ನಾದರೂ ತಿನ್ನಬೇಕು. ತೀರಾ ಸುಸ್ತಾದರೆ ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಕುಡಿಯಿರಿ. ಈ ಅಳತೆ ತಪ್ಪಬಾರದು.

ಕುಸ್ತಿ ಹುಡುಗರಿಗೆ ಒಂದು ಮಾತು. ಕಮ್ಮಿ ತೂಕದ ಜೋಡಿಗೆ ಸೇರಲು ಎರಡು ದಿನ ನೀರು ಬಿಡುವುದು, ಬಿಸಿಲಲ್ಲಿ ಕಂಬಳಿ ಹೊದ್ದು ಓಡುವುದು ಬೇಡ. 1997ರಲ್ಲಿ ಅಮೆರಿಕದಲ್ಲಿ ಹೀಗೆ ತೂಕ ಇಳಿಸಲು ಹೋದ ಮೂವರು ಕಾಲೇಜು ಕುಸ್ತಿಪಟುಗಳು ಐದು ವಾರದೊಳಗೆ ಒಬ್ಬರ ಹಿಂದೊಬ್ಬರು ಸತ್ತರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನಮ್ಮ ವಿನೇಶ್ ಫೋಗಟ್ ರಾತ್ರಿಯಿಡೀ ಕಷ್ಟಪಟ್ಟರೂ 100 ಗ್ರಾಂ ಹೆಚ್ಚಾಗಿ ಅನರ್ಹರಾದದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿ ಮರುಗಿದೆವು. ತೂಕವನ್ನು ತಿಂಗಳುಗಟ್ಟಲೆ ಮುಂಚಿನಿಂದ ಊಟದಲ್ಲಿ ಹದ ಮಾಡಿಕೊಳ್ಳಬೇಕು.

ಅದಕ್ಕಿಂತ ದೊಡ್ಡ ಅಪಾಯ ಇಂಜೆಕ್ಷನ್ನಿನದು. ಬೇಗ ಮೈ ಬರುತ್ತದೆ, ಸುಸ್ತಾಗುವುದಿಲ್ಲ ಅಂತ ಸ್ಟೆರಾಯ್ಡ್ ಚುಚ್ಚುವ ಜಾಲ ಊರೂರಿಗೂ ಬರುತ್ತಿದೆ. ಅದರಿಂದ ಈಲಿ ಹಾಳು, ಹೃದಯಕ್ಕೆ ಕೇಡು, ಮಕ್ಕಳಾಗುವ ಶಕ್ತಿಗೂ ಪೆಟ್ಟು. ಹಾಲಿಳಿಯಲೆಂದು ಹಸುವಿಗೆ ಸೂಜಿ ಚುಚ್ಚುವವನನ್ನು ನಾವು ಕೊಟ್ಟಿಗೆಯ ಹತ್ತಿರ ಸೇರಿಸುವುದಿಲ್ಲ. ಮಗನಿಗೆ ಚುಚ್ಚಲು ಬಿಡುತ್ತೇವೆಯೇ? ಅಂಥದ್ದು ಕಣ್ಣಿಗೆ ಬಿದ್ದರೆ ಮುಚ್ಚಿಡಬೇಡಿ, ಮನೆಯವರಿಗೆ ತಿಳಿಸಿ, ಡಾಕ್ಟರಿಗೆ ತೋರಿಸಿ.

ಕೊನೆಯದಾಗಿ ಹೆಣ್ಣುಮಕ್ಕಳ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತ ಕಮ್ಮಿ. ಖೊಖೊ ಆಡುವಾಗ ಏದುಸಿರು ಬಿಟ್ಟು ಕೂರುವ ಹುಡುಗಿಯನ್ನು ಸೋಮಾರಿ ಅನ್ನುವ ಮುಂಚೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಹುರುಳಿಕಾಳು, ನುಗ್ಗೆಸೊಪ್ಪು, ದಂಟಿನ ಸೊಪ್ಪು, ಮಾಂಸ ತಿನ್ನುವವರಾದರೆ ಈಲಿ ಕೊಡಿ. ಊಟಕ್ಕೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣದಂಶ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಟೀ ಕಾಫಿ ಕುಡಿದರೆ ಹತ್ತುವುದಿಲ್ಲ, ಒಂದು ಗಂಟೆ ಬಿಡಬೇಕು.

ತಾಯಂದಿರೇ, ಹುಲ್ಲು ಕೊಯ್ಯುವವರು ನೀವು, ಸಗಣಿ ಬಾಚುವವರು ನೀವು, ಹಾಲು ಕರೆಯುವವರು ನೀವು. ನಾಟಿ, ಕಳೆ, ಕುಯ್ಲು ಎಲ್ಲದರಲ್ಲೂ ನೀವಿದ್ದೀರಿ. ಕ್ರೀಡಾಪಟುವಿಗೆ ಕಮ್ಮಿಯಿಲ್ಲದ ದುಡಿಮೆ ನಿಮ್ಮದು. ಆದರೆ ಗಂಡಸರಿಗೆ, ಮಕ್ಕಳಿಗೆ ಬಡಿಸಿ ಉಳಿದದ್ದನ್ನು ಉಣ್ಣುವವರೂ ನೀವೇ. ಒಂದು ಲೋಟ ಹಾಲು ಕುಡಿದವರು ನಿಮ್ಮಲ್ಲಿ ಎಷ್ಟು ಮಂದಿ ಅಂತ ಕೇಳಿದರೆ ಕೈ ಎತ್ತುವವರು ಕಮ್ಮಿ. ಗಂಡಸರಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ, ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಆಗ ಯಾರ ತಟ್ಟೆಯಲ್ಲಿ ಏನಿಲ್ಲ ಅನ್ನುವುದು ಕಣ್ಣಿಗೆ ಕಾಣುತ್ತದೆ.

ಸಂಘದ ನಿರ್ದೇಶಕರಾಗಿ ನಾವು ‘ಹಾಲು ಕಮ್ಮಿ ಹಾಕಿ’ ಅಂತ ಹೇಳುವುದು ವಿಚಿತ್ರ ಅನ್ನಿಸಬಹುದು. ಕಾರ್ಯದರ್ಶಿಗಳು ನಮ್ಮ ಕಡೆ ನೋಡುತ್ತಿದ್ದಾರೆ. ಆದರೂ ಹೇಳುತ್ತೇವೆ. ಕೆಚ್ಚಲಿಗೆ ಕೈ ಹಾಕಿದ ಮೇಲೆ ಮೊದಲ ಅರ್ಧ ಲೀಟರು ಮನೆಯ ಪಾತ್ರೆಗೆ ಹೋಗಲಿ, ಉಳಿದದ್ದು ಕ್ಯಾನಿಗೆ ಬರಲಿ. ಕ್ಯಾನಿಗೆ ಕಮ್ಮಿಯಾದದ್ದನ್ನು ಒಳ್ಳೆಯ ಮೇವು, ಖನಿಜ ಮಿಶ್ರಣ, ಕಾಲಕಾಲಕ್ಕೆ ಲಸಿಕೆ ಹಾಕಿಸಿ ಹಸುವಿನಿಂದಲೇ ತುಂಬಿಸಿಕೊಳ್ಳೋಣ. ಹಾಗೆಯೇ ಮುಂದಿನ ವರ್ಷದ ಕ್ರೀಡಾಕೂಟದಲ್ಲಿ ಬಹುಮಾನದ ಪ್ಲಾಸ್ಟಿಕ್ ಕಪ್ಪಿನ ಬದಲು ಗೆದ್ದವರಿಗೆ ಸಂಘದಿಂದ ಒಂದೊಂದು ತಿಂಗಳ ಹಾಲು, ಐದೈದು ಕೆ.ಜಿ. ರಾಗಿ, ಎರಡೆರಡು ಕೆ.ಜಿ. ಕಡಲೆಕಾಯಿ ಕೊಡಬೇಕೆಂದು ಆಡಳಿತ ಮಂಡಳಿಯ ಮುಂದೆ ಸೂಚನೆ ಇಡುತ್ತಿದ್ದೇವೆ. ಸದಸ್ಯರು ಸರ್ವಸದಸ್ಯರ ಸಭೆಯಲ್ಲಿ ಅನುಮೋದಿಸಬೇಕಾಗಿ ಕೋರುತ್ತೇವೆ.



ಜೈ ಸಹಕಾರ, ಜೈ ಕರ್ನಾಟಕ.